ಮುಂದೇನು ಎಂದು ಹೇಳಿ ಬಡಿಸುತ್ತಿದ್ದವರು

ಇರಾ, ಓಂಕಾರ,

ಕಳೆದ ದೀಪಾವಳಿಗೆ ನೀವಿಬ್ಬರೂ ಇಲ್ಲಿಗೆ ಬಂದಾಗ ನಿಮ್ಮ ಅಪ್ಪ ಅವ್ವನ ಮದುವೆಯ ಆಲ್ಬಮ್ ತೆಗೆದು ನೋಡುತ್ತಾ ಕೂತಿದ್ದಿರಿ. ಆಗ ಇರಾ ಕೇಳಿದಳು, "ಅಜ್ಜಿ, ಇಸ್‌ಮೇ ದೊಡ್ಡವ್ವ ಕಿಧರ್ ಹೈ? ಒಂದ್ ಫೋಟೋದಾಗೂ ಇಲ್ಲ." ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ನಾನು ಎದ್ದು ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಒಬ್ಬ ಮನುಷ್ಯರ ವಿಷಯ ಹೇಳಬೇಕು. ಅವರು ಮದುವೆ ಮುಂಜಿವೆಗಳಲ್ಲಿ ಊಟ ಬಡಿಸುತ್ತಿದ್ದವರು. ತೀರಿಕೊಂಡಿದ್ದಾರೆಂದು ನನಗೆ ಹೋದ ತಿಂಗಳು ಗೊತ್ತಾಯಿತು. ಸಾಂತಾಕ್ರೂಜ್‌ನ ಒಂದು ಹಾಲ್‌ಗೆ ನಾಮಕರಣಕ್ಕೆ ಹೋಗಿದ್ದೆ. ಅನ್ನದ ಬುಟ್ಟಿ ಹಿಡಿದು ಬಂದವನು ಹಳೆಯ ಪರಿಚಯದವನು. ಅವರು ಹೇಗಿದ್ದಾರೆ ಎಂದು ಕೇಳಿದೆ. "ಅವ್ರು ಹೋಗಿ ಆರು ತಿಂಗ್ಳಾಯ್ತಲ್ಲ ಅಮ್ಮ, ಊರಲ್ಲೇ. ಅನ್ನ ಹಾಕ್ಲಾ?" ಎಂದ. ಹಾಕು ಎಂದೆ. ಊಟ ಮುಗಿಸಿ, ಕೈ ತೊಳೆದುಕೊಂಡು, ಬಸ್ಸು ಹಿಡಿದು ವಿಲೆ ಪಾರ್ಲೆಗೆ ಬಂದೆ. ಮೆಂತ್ಯದ ಸೊಪ್ಪು ಬಿಡಿಸುವುದಿತ್ತು, ಬಿಡಿಸಿದೆ. ಅಳು ಬರಲಿಲ್ಲ. ಇದನ್ನು ಬರೆಯುವಾಗಲೂ ಬಂದಿಲ್ಲ. ಬರಬೇಕಿತ್ತು ಅನ್ನಿಸುತ್ತದೆ, ಅಷ್ಟೇ.

ಅವರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಕಡಲ ಕಡೆಯ ಊರಿನಲ್ಲಿದ್ದಾರೆ. ಬರೆಯಲೇ ಎಂದು ನಾನು ಅವರನ್ನು ಕೇಳಿಲ್ಲ. ನನಗೆ ಬರೆದು ರೂಢಿಯೂ ಇಲ್ಲ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮುಖ ನೋಡಿ ಹೇಳುವುದು ಅದಕ್ಕಿಂತ ಕಷ್ಟವಾದದ್ದರಿಂದ ಬರೆಯುತ್ತಿದ್ದೇನೆ. ನೀವು ಕನ್ನಡ ಕೂಡಿಸಿ ಕೂಡಿಸಿ ಓದುತ್ತೀರಿ. ನಿಧಾನವಾಗಿ ಓದಿ.

ಅವರು ವಾರವಿಡೀ ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದರು. ರವಿವಾರ ಮತ್ತು ಲಗ್ನದ ದಿನಗಳಲ್ಲಿ ಅಡುಗೆ ಕಾಂಟ್ರಾಕ್ಟರನ ಜೊತೆ ಹಾಲ್‌ಗಳಿಗೆ ಬರುತ್ತಿದ್ದರು. ಹತ್ತು ಹನ್ನೆರಡು ಜನ ಬಡಿಸುವವರಿಗೆ ಅವರೇ ಮುಂದಾಳು. ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಬಿಳಿ ಅಂಗಿ, ಸೊಂಟಕ್ಕೆ ಬಿಗಿದ ಟವೆಲ್. ಒಂದು ಕಾಲು ಸ್ವಲ್ಪ ಎಳೆಯುತ್ತಿತ್ತು. ಆದರೂ ಪಂಕ್ತಿಯ ನಡುವೆ ಅವರು ಹೋದರೂ ಬಂದರೂ ಸಪ್ಪಳವಾಗುತ್ತಿರಲಿಲ್ಲ. ಸೌಟು ಬಕೆಟ್ಟಿಗೆ ತಾಗಿದರೆ ಅವರಿಗೆ ಆಗುತ್ತಿರಲಿಲ್ಲ. ಕೈಕೆಳಗಿನವರು "ಸಾಂಬಾರ್, ಸಾಂಬಾರ್" ಎಂದು ಕೂಗಿಕೊಂಡು ಬಂದರೆ, "ಇದೆಂತ, ಸ್ಟೇಷನ್ನಾ? ಎಲೆ ನೋಡಿ ಹಾಕು" ಎಂದು ಎಲ್ಲರ ಎದುರೇ ಬೈಯುತ್ತಿದ್ದರು. ಬಾಯಿ ಒಳ್ಳೆಯದಿರಲಿಲ್ಲ. ಹೊಗೆಸೊಪ್ಪು ಹಾಕುತ್ತಿದ್ದರು. ಯಜಮಾನರ ಜೊತೆಗೂ ಜಗಳವಾಡುತ್ತಿದ್ದರು. ಒಮ್ಮೆಯೂ ಯಾರ ಜೊತೆಗೂ ಕೂತು ಉಂಡದ್ದನ್ನು ನಾನು ನೋಡಲಿಲ್ಲ. ಎಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಬಟ್ಟಲಲ್ಲಿ ಅನ್ನ ಮಜ್ಜಿಗೆ ಕಲಸಿ ತಿನ್ನುತ್ತಿದ್ದರು.

ನಾವು ಅವರನ್ನು ಮೊದಲು ಕಂಡಾಗ ನಿಮ್ಮ ದೊಡ್ಡವ್ವ ಕುಸುಮಾಗೆ ಹತ್ತು ವರ್ಷ. ನಿಮ್ಮ ಅವ್ವ ಅನಿತಾ ಇನ್ನೂ ಚಿಕ್ಕವಳು. ವಿಲೆ ಪಾರ್ಲೆಯ ಒಂದು ಹಾಲ್‌ನಲ್ಲಿ ನನ್ನ ಸೋದರಮಾವನ ಮನೆಯವರ ಮುಂಜಿವೆ ಇತ್ತು. ನಾದಸ್ವರದವರು ಮೈಕಿಗೆ ಹತ್ತಿಕೊಂಡು ಊದುತ್ತಿದ್ದರು. ಊಟಕ್ಕೆಂದು ಉದ್ದ ಟೇಬಲ್‌ಗಳ ಮೇಲೆ ಕಾಗದ ಹಾಸಿ ಎಲೆ ಹಾಕಿದ್ದರು. ನಾನು ಕೂಡುವಷ್ಟರಲ್ಲಿ ಕುಸುಮಾ ಟೇಬಲ್ ಕೆಳಗೆ ಹೋಗಿ ಕಿವಿ ಮುಚ್ಚಿಕೊಂಡು ಒಂದೇ ಸ್ವರದಲ್ಲಿ ಗುಂಯ್‌ಗುಡಲು ಶುರು ಮಾಡಿದಳು. ಸುತ್ತ ಹೆಂಗಸರು ಸೇರಿದರು.

"ಯಾಕ ಹಿಂಗ ಮಾಡ್ತದ್ರಿ ಕೂಸು? ದೃಷ್ಟಿ ತಗದೀರೇನು?"

"ದೃಷ್ಟಿ ಅಲ್ರಿ, ಮುದ್ದು ಜಾಸ್ತಿ ಆಗೇದ. ಬೆನ್ನಿಗೆ ಎರಡ ಬಿಟ್ರ ಸರಿ ಹೋಗ್ತದ."

ನಿಮ್ಮ ಅಜ್ಜ ಸಿಗರೇಟಿನ ನೆಪ ಮಾಡಿ ಕೆಳಗಿಳಿದು ಹೋಗಿದ್ದರು. ನಾನು ಸೆರಗು ಹಿಡಿದುಕೊಂಡು ನಿಂತಿದ್ದೆ. ಆಗ ಬಡಿಸುವ ಇವರು ಉಪ್ಪಿನ ಬಟ್ಟಲು ಹಿಡಿದು ಬಂದರು. "ಸ್ವಲ್ಪ ಜಾಗ ಬಿಡಿ ಅಮ್ಮ, ಬಡಿಸ್ಲಿಕ್ಕುಂಟು" ಎಂದು ಹೆಂಗಸರನ್ನು ಸರಿಸಿದರು. ಜೋತುಬಿದ್ದ ಕಾಗದವನ್ನು ಎತ್ತಿ, ಬಗ್ಗಿ, ಅವಳ ಮುಖ ನೋಡದೆ, ಹೋಟೆಲಿನಲ್ಲಿ ಏನೇನಿದೆ ಎಂದು ಹೇಳುವ ದನಿಯಲ್ಲಿ ಹೇಳಿದರು: "ಮೊದ್ಲು ಉಪ್ಪು. ಆಮೇಲೆ ಉಪ್ಪಿನಕಾಯಿ. ಆಮೇಲೆ ಕೋಸಂಬರಿ. ಎರಡು ಪಲ್ಯ. ಅನ್ನ, ತೊವ್ವೆ, ತುಪ್ಪ. ಸಾರು. ಹುಳಿ. ಸಿಹಿ. ಕೊನೆಗೆ ಮಜ್ಜಿಗೆ. ಮಜ್ಜಿಗೆ ಬಂದ್ರೆ ಮುಗೀತು, ಏಳ್ಬಹುದು."

ಅಷ್ಟು ಹೇಳಿ ಮುಂದಿನ ಎಲೆಗೆ ಹೋದರು. ಪ್ರತಿ ಸುತ್ತಿಗೂ ನಮ್ಮ ಹತ್ತಿರ ಬಂದಾಗ ಟೇಬಲ್ ಕೆಳಗೆ ಹೇಳುತ್ತಿದ್ದರು. "ಉಪ್ಪಿನಕಾಯಿ ಆಯ್ತು. ಮುಂದೆ ಕೋಸಂಬರಿ." "ಕೋಸಂಬರಿ ಆಯ್ತು. ಮುಂದೆ..." ಎಂದು ಅವರು ಸೌಟು ಹಿಡಿದು ತಡೆದಾಗ ಕೆಳಗಿನಿಂದ ದನಿ ಬಂತು: "ಪಲ್ಯ." ಅನ್ನ ಬರುವ ಹೊತ್ತಿಗೆ ಕುಸುಮಾ ಕುರ್ಚಿಯ ಮೇಲೆ ಬಂದು ಕೂತಿದ್ದಳು. ಒಂದು ಕಿವಿ ಮಾತ್ರ ಮುಚ್ಚಿಕೊಂಡು ಉಂಡಳು. ಇವರು ನಾದಸ್ವರದವರ ಹತ್ತಿರ ಹೋಗಿ, "ಆ ಮೈಕ್ ಸ್ವಲ್ಪ ಆಚೆ ತಿರುಗ್ಸಿ ಮಾರಾಯ್ರೆ, ಬಕೆಟಲ್ಲಿ ಸಾರು ನಡುಗ್ತಾ ಉಂಟು" ಎಂದರು. ಅವರು ನಕ್ಕು ತಿರುಗಿಸಿದರು.

ಅಲ್ಲಿಯವರೆಗೆ ನಾವು ಗಂಡ ಹೆಂಡತಿ ಯಾವ ಕಾರ್ಯಕ್ಕೂ ಜೊತೆಯಾಗಿ ಹೋದದ್ದಿಲ್ಲ. ಒಬ್ಬರು ಹೋದರೆ ಒಬ್ಬರು ಕುಸುಮಾ ಜೊತೆ ಮನೆಯಲ್ಲಿ. ಅಂದಿನಿಂದ, ಊಟಕ್ಕೆ ಯಾರು ಬರುತ್ತಾರೆ ಎಂದು ಕೇಳಿ, ಇವರು ಬರುವುದಾದರೆ ನಾಲ್ವರೂ ಹೋಗತೊಡಗಿದೆವು. ಕಾರ್ಯದ ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತಿತ್ತು. ಮುಹೂರ್ತ ಎಷ್ಟಕ್ಕೆ ಎಂದು ಕೇಳುವ ಬದಲು ಬಡಿಸುವವರು ಯಾರು ಎಂದು ಕೇಳುತ್ತಾರಲ್ಲ ಎಂದು.

ಅವರು ಕುಸುಮಾಳ ಎಲೆಯನ್ನು ಎಲ್ಲಿ ಬೇಕೆಂದರಲ್ಲಿ ಹಾಕುತ್ತಿರಲಿಲ್ಲ. ಹಾಲ್ ಒಳಗೆ ಬಂದ ಕೂಡಲೇ ಒಮ್ಮೆ ಸುತ್ತು ಹಾಕಿ ನೋಡುತ್ತಿದ್ದರು. "ಕೈ ತೊಳೆಯುವ ಕಡೆ ಬೇಡ, ಜನ ನುಗ್ತಾರೆ. ಬಾಗ್ಲ ಹತ್ರ ಬೇಡ, ಬಂದವ್ರೆಲ್ಲ ಮಾತಾಡಿಸ್ತಾರೆ. ಫ್ಯಾನಿನ ಕೆಳಗೆ ಬೇಡ, ಎಲೆ ಹಾರ್ತದೆ." ಕೊನೆಗೆ ಗೋಡೆಗೆ ಹತ್ತಿದ ಪಂಕ್ತಿಯ ತುದಿಯ ಎಲೆ. ಹಿಂದೆ ಯಾರೂ ಓಡಾಡಬಾರದು, ಒಂದು ಮಗ್ಗುಲಿಗೆ ನಾನು, ಇನ್ನೊಂದು ಮಗ್ಗುಲಿಗೆ ಗೋಡೆ. ಆ ಎಲೆ ಖಾಲಿ ಇದೆ ಎಂದು ಬೇರೆಯವರು ಬಂದು ಕೂತರೆ, ಅವರು ದೊಡ್ಡ ಮನುಷ್ಯರಾದರೂ ಎಬ್ಬಿಸುತ್ತಿದ್ದರು.

ದೊಡ್ಡ ಕಾರ್ಯವಿದ್ದರೆ ಹಿಂದಿನ ದಿನ ಸಂಜೆ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಖಾಲಿ ಹಾಲ್‌ನಲ್ಲಿ ಕುಸುಮಾ ತನ್ನ ಕುರ್ಚಿಯಲ್ಲಿ ಕೂಡುವಳು. ಇವರು ಫ್ಯಾನ್ ಹಾಕಿ ತೋರಿಸುವರು, ಲೈಟ್ ಹಾಕಿ ತೋರಿಸುವರು. ಒಮ್ಮೆ ಒಂದು ಸ್ಟೀಲ್ ತಾಟು ತಂದರು. "ನಾಳೆ ಒಂದು ಪ್ಲೇಟ್ ಬೀಳ್ತದೆ ಮಗಾ. ಯಾವಾಗ ಅಂತ ನಂಗೊತ್ತಿಲ್ಲ. ಬಿದ್ದೇ ಬೀಳ್ತದೆ. ಹೀಗೆ ಸದ್ದಾಗ್ತದೆ" ಎಂದು ಅವಳಿಗೆ ಕಿವಿ ಮುಚ್ಚಿಕೊಳ್ಳಲು ಸಮಯ ಕೊಟ್ಟು ಕೆಳಗೆ ಬಿಟ್ಟರು. ಮರುದಿನ ನಿಜವಾಗಿಯೂ ಯಾರದೋ ಕೈಯಿಂದ ತಾಟು ಬಿದ್ದಾಗ ಎಲ್ಲರೂ ಬೆಚ್ಚಿದರು. ಕುಸುಮಾ ಮಾತ್ರ "ಬಿತ್ತು" ಎಂದು ಹೇಳಿ ಊಟ ಮುಂದುವರಿಸಿದಳು.

ಹೋಟೆಲಿನ ಆರ್ಡರ್ ಬರೆಯುವ ಚೀಟಿಯ ಹಿಂದೆ ಅವರು ಊಟದ ಸರದಿ ಬರೆದುಕೊಡುತ್ತಿದ್ದರು. ದುಂಡಗಿನ ಅಕ್ಷರ, ಒಂದರ ಕೆಳಗೊಂದು. ಕುಸುಮಾ ಬಂದದ್ದಕ್ಕೆಲ್ಲ ಉಗುರಿನಿಂದ ಗೀರು ಹಾಕುತ್ತಿದ್ದಳು. ಚೀಟಿಯಲ್ಲಿ ಇಲ್ಲದ್ದು ಎಲೆಗೆ ಬಿದ್ದರೆ ಅಂದಿನ ಊಟ ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಅಡುಗೆಯವರು ಕೊನೆಯ ಗಳಿಗೆಯಲ್ಲಿ ಬೋಂಡಾ ಸೇರಿಸಿದರೆ ಇವರು ಓಡಿಬಂದು ಚೀಟಿಯಲ್ಲಿ ಬೋಂಡಾ ಬರೆದು ಹೋಗುತ್ತಿದ್ದರು.

ನಮ್ಮಲ್ಲಿ ಒತ್ತಾಯ ಮಾಡಿ ಹಾಕಿಸುವುದೊಂದು ಪದ್ಧತಿ. ಬೇಡ ಎಂದರೆ ಬೇಕು ಎಂದೇ ಅರ್ಥ. ಮೂರು ಸಲ ಬೇಡ ಅನ್ನಬೇಕು, ನಾಲ್ಕನೆಯ ಸಲ ಹಾಕಿಸಿಕೊಳ್ಳಬೇಕು. ಕುಸುಮಾಗೆ ಅದು ಗೊತ್ತಿರಲಿಲ್ಲ. ಒಂದು ಸತ್ಯನಾರಾಯಣ ಪೂಜೆಯಲ್ಲಿ ಮನೆಯ ಯಜಮಾನಿ ಜಿಲೇಬಿಯ ತಾಟು ಹಿಡಿದು ನಿಂತರು. ಕುಸುಮಾ ಎಲೆಯ ಮೇಲೆ ಕೈ ಅಡ್ಡ ಇಟ್ಟಳು. ಯಜಮಾನಿ, "ನಾಚಿಕೊಳ್ತಾಳ್ರಿ, ಹಾಕ್ರಿ ಹಾಕ್ರಿ" ಎಂದು ಇವರಿಗೆ ಹೇಳಿದರು.

"ಅಮ್ಮ, ಕೈ ಅಡ್ಡ ಉಂಟು."

"ಹೌದ್ರಿ, ಅದಕ್ಕ ಅಂತೀನಿ, ನಾಚಿಕಿ."

"ನಾಚಿಕೆಯ ಕೈ ಬೇರೆ, ಅಮ್ಮ. ಬೆರಳಿನ ನಡುವೆ ಸಂದು ಇರ್ತದೆ, ಅಲ್ಲಿಂದ ಜಿಲೇಬಿ ಹೋಗ್ತದೆ. ಇದು ಬೇಡ ಅನ್ನುವ ಕೈ."

ಪಂಕ್ತಿಯೆಲ್ಲ ನಕ್ಕಿತು. ಯಜಮಾನಿ ಮುಖ ಸಣ್ಣದು ಮಾಡಿಕೊಂಡು ಹೋದರು. ನನ್ನ ಎಲೆಯ ಮೇಲೆ ಬೇಡವಾದ ಎರಡು ಜಿಲೇಬಿ ಆಗಲೇ ಬಿದ್ದಿದ್ದವು. ನನ್ನ ಬೆರಳಿನ ನಡುವೆ ಸಂದು ಇತ್ತೇನೋ.

ಒಮ್ಮೆ ನಾನು ಅವರಿಗೆ ಕೇಳಿದೆ, ಇದೆಲ್ಲ ನಿಮಗೆ ಹೇಗೆ ತಿಳಿಯಿತು ಎಂದು. ಅವರ ಮನೆಯಲ್ಲೂ ಇಂಥವರು ಯಾರಾದರೂ ಇರಬಹುದು ಎಂದು ನನ್ನ ಎಣಿಕೆ. ಹಾಗೇನೂ ಇರಲಿಲ್ಲ. "ನಮಗೆ ಮುಖ ಗೊತ್ತಾಗುದಿಲ್ಲ ಅಮ್ಮ, ಎಲೆ ಗೊತ್ತಾಗ್ತದೆ. ಬಗ್ಗಿಕೊಂಡೇ ಹೋಗುದಲ್ವಾ? ಯಾರು ಹುಳಿ ಮುಟ್ಲಿಲ್ಲ, ಯಾರ ಅನ್ನ ಹಾಗೇ ಉಂಟು, ಯಾರಿಗೆ ಗಂಟಲಲ್ಲಿ ಇಳೀತಾ ಇಲ್ಲ, ಎಲ್ಲ ಎಲೆಯಲ್ಲಿ ಕಾಣ್ತದೆ. ಇವಳ ಎಲೆಯಲ್ಲಿ ಕಂಡದ್ದು ಇಷ್ಟೇ. ಮುಂದೆ ಎಂತ ಬರ್ತದೆ ಅಂತ ಗೊತ್ತಿದ್ರೆ ಉಣ್ತಾಳೆ." ಕುಸುಮಾಗೆ ಇಪ್ಪತ್ತೆರಡು ತುಂಬಿದ ಮೇಲೆ ಒಬ್ಬ ಡಾಕ್ಟರು ಇದು ಆಟಿಸಂ ಎಂದು ಹೇಳಿದರು. ಅಷ್ಟು ವರ್ಷ ಹೆಸರಿಲ್ಲದ್ದಕ್ಕೆ ಹೆಸರು ಸಿಕ್ಕಿತೆಂದು ನಾನು ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಇವರಿಗೆ ಹೇಳಿದೆ. ಅವರು ಎಲೆ ಒರೆಸುತ್ತಿದ್ದರು. "ಹೆಸರು ಇರ್ಲಿ ಅಮ್ಮ. ಇವತ್ತಿನ ಸಾರು ಸ್ವಲ್ಪ ಖಾರ ಉಂಟು. ಅವಳಿಗೆ ಆಗ್ತದಾ, ಬೇರೆ ತೆಗೆದಿಡ್ಲಾ?" ಎಂದರು.

ಈಗ ಮದುವೆಯ ವಿಷಯ.

ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಬೆಳಗಾವಿಯ ಕಡೆಯ ಮನೆತನದಿಂದ ನಿಮ್ಮ ಅವ್ವನನ್ನು ನೋಡಲು ಬಂದರು. ಅಕ್ಕನ ಮದುವೆಯಾಗದೆ ತಂಗಿಯ ಮದುವೆ ಮಾಡಿದರೆ ಕೇಳುತ್ತಾರೆ, ಕೇಳಿದರೆ ಕುಸುಮಾಳ ವಿಷಯ ಬರುತ್ತದೆ, ಬಂದರೆ ಸಂಬಂಧ ಹೋಗುತ್ತದೆ ಎಂದು ನನ್ನ ಮೈದುನರು, ಅಂದರೆ ನಿಮ್ಮ ಕಾಕಾ ಅಜ್ಜ, ಹೆದರಿದರು. ನಾನೂ ಹೆದರಿದೆ. ನೋಡಲು ಬಂದ ದಿನ ಕುಸುಮಾಳನ್ನು ಪಕ್ಕದ ಮನೆಯ ಮಾವಶಿಯ ಹತ್ತಿರ ಬಿಟ್ಟಿದ್ದೆವು. "ದೊಡ್ಡಾಕಿ ಊರಾಗ ಅಜ್ಜಿ ಕಡೆ ಇರ್ತಾಳ್ರಿ, ಆಕೀಗೆ ಲಗ್ನ ಮನಸಿಲ್ಲ" ಎಂದು ಕಾಕಾ ಹೇಳಿದರು. ನಾನು ಚಹಾದ ತಾಟು ಹಿಡಿದು ನಿಂತಿದ್ದೆ. ಗೋಡೆಯ ಆಚೆಯಿಂದ ಕುಸುಮಾ ಗುಂಯ್‌ಗುಡುವುದು ನನಗೆ ಕೇಳುತ್ತಿತ್ತು. ಅವರಿಗೆ ಅದು ಯಾವುದೋ ಮಿಕ್ಸರ್ ಸದ್ದು ಅನ್ನಿಸಿರಬೇಕು.

ನಿಮ್ಮ ಅವ್ವ ಒಂದು ಸಲ ಕೇಳಿದಳು. "ಅವ್ವ, ಲಗ್ನದ ದಿನ ಅಕ್ಕ ಎಲ್ಲಿ ಇರ್ತಾಳ?" ಕಾಕಾ, "ಅದನ್ನ ನಮಗ ಬಿಡು" ಎಂದರು. ಅವಳು ಮತ್ತೆ ಕೇಳಲಿಲ್ಲ. ಅವಳ ತಪ್ಪಲ್ಲ, ಅದನ್ನು ತಿಳಿದುಕೊಳ್ಳಿ.

ಊಟದ ಕೆಲಸಕ್ಕೆ ಇವರೇ ಬರುವವರಿದ್ದರು. ಕುಸುಮಾಳನ್ನು ಕರೆತರುವುದಿಲ್ಲ ಎಂದು ತೀರ್ಮಾನವಾಗುವ ಮೊದಲೇ, ತಂಗಿಯ ಲಗ್ನ ಎಂದು ಅವರು ದೊಡ್ಡ ಚೀಟಿ ಬರೆದು ಕಳಿಸಿದ್ದರು. ಹೋಳಿಗೆ, ಶ್ರೀಖಂಡ ಎಂದು ಎರಡು ಸಿಹಿ. ಮೇಲೆ ತಾರೀಖು, ಊಟ ಹನ್ನೆರಡೂವರೆಗೆ ಎಂದು. ಅದನ್ನು ನಾನೇ ಕುಸುಮಾಳ ಕೈಗೆ ಕೊಟ್ಟೆ. ಆಮೇಲೆ ತಿರುಗಿ ಇಸಿದುಕೊಳ್ಳಲು ಆಗಲಿಲ್ಲ. ಅವಳು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ಸಾಂತಾಕ್ರೂಜ್‌ನ ಹಾಲ್. ನಾನು ವಿಧವೆ, ಧಾರೆ ಎರೆಯುವವರು ಕಾಕಾ ಕಾಕೂ. ಮಂಟಪದ ಹತ್ತಿರ ನನಗೆ ಕೆಲಸವಿರಲಿಲ್ಲ. ಊಟದ ಹಾಲ್‌ನ ಹಿಂದೆ, ಸಾಮಾನಿನ ಕೋಣೆಯ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದೆ. ಅಲ್ಲಿಂದ ಗೋಡೆಗೆ ಹತ್ತಿದ ತುದಿಯ ಎಲೆ ಕಾಣುತ್ತಿತ್ತು. ಅವರು ಹಾಕಿಟ್ಟಿದ್ದರು. ಮೊದಲ ಪಂಕ್ತಿಯಲ್ಲಿ ಯಾರೋ ಕೂಡಲು ಹೋದಾಗ, "ಅಲ್ಲಿ ಜನ ಉಂಟು" ಎಂದು ಎಬ್ಬಿಸಿದರು. ಎರಡನೆಯ ಪಂಕ್ತಿಯಲ್ಲೂ ಹಾಗೇ. ಒಂದೂವರೆ ಗಂಟೆಯ ಹೊತ್ತಿಗೆ ಬಕೆಟ್ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

"ಕುಸುಮಾ ಬರ್ಲಿಲ್ವಾ ಅಮ್ಮ?"

"ಇಲ್ರಿ."

"ಹುಷಾರುಂಟಲ್ಲ?"

"ಹುಷಾರ ಅದಾಳ್ರಿ. ಮನ್ಯಾಗ ಬಿಟ್ಟ ಬಂದೀವಿ."

ಅವರು ಬಕೆಟ್ಟಿನೊಳಗೆ ನೋಡಿದರು.

"ಚೀಟಿ ಅವಳ ಹತ್ರ ಉಂಟಾ?"

"ಅದ."

"ಹನ್ನೆರಡೂವರೆ ಅಂತ ಬರೆದಿದ್ದೆ ನಾನು."

ಅವರು ಬಕೆಟ್ಟನ್ನು ಪಕ್ಕದವನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ, ಕೈಯಲ್ಲೊಂದು ಚೀಲ, ಬಗಲಲ್ಲಿ ಸುರುಳಿ ಸುತ್ತಿದ ಎಲೆ, ಹಿಂದಿನ ಬಾಗಿಲಿನಿಂದ ಇಳಿದು ಹೋದದ್ದನ್ನು ನೋಡಿದೆ. ಎಲ್ಲಿಗೆ ಎಂದು ನನಗೆ ತಿಳಿಯಿತು. ಕೂತೇ ಇದ್ದೆ.

ಕೊನೆಯ ಪಂಕ್ತಿ ಮದುಮಕ್ಕಳದು, ಬೀಗರದು. ನಿಮ್ಮ ಅಪ್ಪನ ಸೋದರಮಾವ, ದೊಡ್ಡಪ್ಪ ಎಲ್ಲ ಕೂತಿದ್ದರು. ಮುಂದಾಳು ಇಲ್ಲದೆ ಬಡಿಸುವವರಲ್ಲಿ ಗಡಿಬಿಡಿಯಾಯಿತು. ಒಂದು ಕಡೆ ಹೋಳಿಗೆ ಹೋಯಿತು, ಬೀಗರು ಕೂತ ಸಾಲಿಗೆ ಹೋಳಿಗೆ ಬರುವ ಮೊದಲೇ ಒಬ್ಬ ಮಜ್ಜಿಗೆ ಹಾಕಿಬಿಟ್ಟ. ಮಜ್ಜಿಗೆ ಬಂತೆಂದರೆ ಏಳಿ ಎಂದ ಹಾಗೆ. ಸೋದರಮಾವ ಕೈ ಎಳೆದುಕೊಂಡು ಕೂತರು. "ನಮ್ಮನ್ನ ಎಬ್ಬಸಾಕ ಅವಸರ ಕಾಣತದ" ಎಂದು ಪಕ್ಕದವರಿಗೆ ಹೇಳಿದರು, ಎಲ್ಲರಿಗೂ ಕೇಳುವಂತೆ. ಕಾಕಾ ಕೈ ಮುಗಿದು, ಎಲೆ ಬದಲಿಸಿ, ಮೊದಲಿನಿಂದ ಬಡಿಸಿದರು. ಅವರ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. "ಎಲ್ಲಿ ಸತ್ತಾನ ಆ ಮುದುಕ?" ಎಂದು ಅಡುಗೆಮನೆಯಲ್ಲಿ ಕೂಗಾಡಿದರು. ಗೊತ್ತಿದ್ದವಳು ನಾನೊಬ್ಬಳೇ.

ಸಂಜೆ ಮನೆಗೆ ಬಂದಾಗ, ಕುಸುಮಾಳ ಜೊತೆಗಿದ್ದ ಪಕ್ಕದ ಮನೆಯ ಮಾವಶಿ ಹೇಳಿದರು. ಕುಸುಮಾ ಹನ್ನೆರಡೂವರೆಗೆ ಗೋಡೆಗೆ ಆತು ನೆಲದ ಮೇಲೆ ಕೂತಳಂತೆ. ಚೀಟಿ ಮುಂದೆ ಇಟ್ಟುಕೊಂಡು. ಮಾವಶಿ ಚಪಾತಿ ಭಾಜಿ ಕೊಟ್ಟರೆ ಕೈ ಅಡ್ಡ ಇಟ್ಟಳಂತೆ. ಎರಡು ಗಂಟೆ ದಾಟಿದ ಮೇಲೆ ಇವರು ಬಂದರಂತೆ. ಎಲೆ ಹಾಕಿ, ಡಬ್ಬಿಗಳನ್ನು ಹೊರಗೆ ಗ್ಯಾಲರಿಯಲ್ಲಿ ಸಾಲಾಗಿ ಇಟ್ಟು, ಉಪ್ಪು ತಂದು ಹಾಕಿ ಹೊರಗೆ ಹೋದರಂತೆ, ಉಪ್ಪಿನಕಾಯಿ ತಂದು ಹಾಕಿ ಮತ್ತೆ ಹೊರಗೆ. "ಹರ್ ಚೀಜ್ ಕೇ ಲಿಯೇ ಬಾಹರ್ ಜಾತಾ ಥಾ, ವಾಪಸ್ ಆತಾ ಥಾ," ಎಂದರು ಮಾವಶಿ. "ಮೈ ಬೋಲಿ, ಅರೇ ಬಾಬಾ, ಡಬ್ಬಾ ಅಂದರ್ ರಖೋ ನಾ. ಸುನಾ ಹೀ ನಹೀಂ." ಡಬ್ಬಿ ಒಳಗಿಟ್ಟುಕೊಂಡೇ ಬಡಿಸಬಹುದಲ್ಲ ಎಂದು ಅವರಿಗೆ ಆಶ್ಚರ್ಯ. ಮಜ್ಜಿಗೆಯವರೆಗೂ ಹಾಗೇ ನಡೆದು ನಡೆದು ಬಡಿಸಿದರಂತೆ. ಕುಸುಮಾ ಎಲ್ಲಕ್ಕೂ ಗೀರು ಹಾಕಿದ ಚೀಟಿಯನ್ನು ನನಗೆ ತೋರಿಸಿದಳು. "ಲಗ್ನ ಆತು" ಎಂದಳು.

ಮರುದಿನ ಬೆಳಿಗ್ಗೆ ಕಾಕಾ ನಮ್ಮ ಮನೆಯಲ್ಲೇ ಕೂತು ಕಾಂಟ್ರಾಕ್ಟರನಿಗೆ ಫೋನ್ ಮಾಡಿದರು. ಬೀಗರ ಎದುರು ಮಾನ ಹೋಯಿತು, ನಡು ಊಟದಲ್ಲಿ ಬಿಟ್ಟು ತಿರುಗಾಡಲು ಹೋದ, ಇನ್ನು ಮೇಲೆ ಅವನನ್ನು ಕರೆಯಬೇಡಿ, ಕರೆದರೆ ನಮ್ಮ ಸಮಾಜದ ಒಂದು ಕೆಲಸವೂ ನಿಮಗೆ ಸಿಗುವುದಿಲ್ಲ ಎಂದರು. ಕಾಕಾ ಆಗ ಸಮಾಜದ ಕಮಿಟಿಯಲ್ಲಿದ್ದರು. ನಾನು ಅದೇ ಕೋಣೆಯಲ್ಲಿ ಉಳಿದ ಕುಪ್ಪಸದ ಕಣಗಳನ್ನು ಮಡಿಚುತ್ತಿದ್ದೆ. ಕುಸುಮಾ ಕಿಟಕಿಯ ಹತ್ತಿರ ಇದ್ದಳು. ಅವರು ಎಲ್ಲಿಗೆ ಹೋಗಿದ್ದರೆಂದು ಹೇಳಲು ಒಂದು ಮಾತು ಸಾಕಿತ್ತು. ಕಣಗಳನ್ನು ಮಡಿಚಿ ಮುಗಿಸಿದೆ.

ಆಮೇಲೆ ಯಾವ ಹಾಲ್‌ನಲ್ಲೂ ಅವರು ಕಾಣಲಿಲ್ಲ. ನಾನೂ ಕುಸುಮಾಳೂ ಜೊತೆಯಾಗಿ ಕಾರ್ಯಗಳಿಗೆ ಹೋಗುವುದು ಮತ್ತೆ ನಿಂತಿತು.

ಇನ್ನೊಂದು ಹೇಳಬೇಕು. ಲಗ್ನವಾಗಿ ಎರಡು ತಿಂಗಳಿಗೆ ನಿಮ್ಮ ಅಪ್ಪ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಬಾಗಿಲು ತೆರೆದವಳು ಕುಸುಮಾ. ನಾನು ಒಳಗಿನಿಂದ ಓಡಿಬರುವಷ್ಟರಲ್ಲಿ ಅವಳು, "ಚಪ್ಪಲಿ ಹೊರಗ" ಎಂದಿದ್ದಳು. ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. "ಅನಿತಾ ನನಗ ಹೇಳ್ಯಾಳ್ರಿ, ಮೊದಲನೇ ವಾರದಾಗ. ನಮ್ಮವ್ವಗೂ ಗೊತ್ತು" ಎಂದರು. ನಿಮ್ಮ ಆ ಅಜ್ಜಿ ಮುಂದಿನ ಪಂಚಮಿಗೆ ಕುಸುಮಾಗೂ ಒಂದು ಸೀರೆ ಕಳಿಸಿದರು. ನಾವು ಹೆದರಿದ್ದು ಇಷ್ಟಕ್ಕೆ.

ನಾಲ್ಕು ವರ್ಷ ಕಳೆದ ಮೇಲೆ ಅವರ ಹೋಟೆಲ್ ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋದೆ. ಯಾಕೆ ನಾಲ್ಕು ವರ್ಷ ಎಂದು ಕೇಳಬೇಡಿ. ಶನಿವಾರ ಮಧ್ಯಾಹ್ನ ಮೂರೂವರೆಗೆ ಫೋರ್ಟ್‌ನಲ್ಲಿ ಆಫೀಸಿನ ಗದ್ದಲ ಇರುವುದಿಲ್ಲ ಎಂದು ಆ ಹೊತ್ತು ನೋಡಿ ಕುಸುಮಾಳನ್ನೂ ಕರೆದುಕೊಂಡು ಲೋಕಲ್‌ನಲ್ಲಿ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಂದು ಮಾತನ್ನು ಕೂಡಿಸಿಕೊಳ್ಳುತ್ತಿದ್ದೆ. ಹೋಟೆಲಿನಲ್ಲಿ ನಾಲ್ಕೈದು ಜನರಿದ್ದರು. ಅವರು ಬಹಳ ಇಳಿದಿದ್ದರು, ಕಾಲು ಮೊದಲಿಗಿಂತ ಹೆಚ್ಚು ಎಳೆಯುತ್ತಿತ್ತು. ನಮ್ಮನ್ನು ನೋಡಿ, ಬನ್ನಿ ಎಂದು ಗೋಡೆಯ ಬದಿಯ ಟೇಬಲ್ ಒರೆಸಿದರು. "ಈಗ ಊಟ ಇಲ್ಲ. ಇಡ್ಲಿ ಉಂಟು" ಎಂದು ತಂದುಕೊಟ್ಟರು. ಅನಿತಾ ಹೇಗಿದ್ದಾಳೆ ಎಂದು ಕೇಳಿದರು. ಮಗಳಾಗಿದ್ದಾಳೆ ಎಂದೆ. ಒಳ್ಳೇದಾಯ್ತು ಎಂದರು. ನಾನು ಕೂಡಿಸಿಕೊಂಡು ಹೋದ ಮಾತು ಬಾಯಿಗೆ ಬರಲಿಲ್ಲ.

ದೊಡ್ಡವ್ವ ಬೇರೆಯವರ ಮಾತನ್ನು ಅವರದೇ ದನಿಯಲ್ಲಿ ಎಷ್ಟೋ ವರ್ಷದ ಮೇಲೆ ಆಡಿತೋರಿಸುವುದು ನಿಮಗೆ ಗೊತ್ತು. ಕುಸುಮಾ ಇಡ್ಲಿ ಮುರಿಯುತ್ತಾ ಕಾಕಾನ ದನಿಯಲ್ಲಿ ಹೇಳಿದಳು: "ಇನ್ನ ಮ್ಯಾಲೆ ಆ ಮುದುಕನ್ನ ಕರೀಬ್ಯಾಡ್ರಿ. ಊಟ ಬಿಟ್ಟ ತಿರಗ್ಯಾಡಾಕ ಹೋಗ್ಯಾನ." ಆಮೇಲೆ ತನ್ನ ದನಿಯಲ್ಲಿ, "ಕಾಕಾ ಅಂದ. ಅವ್ವ ಕಣ ಮಡಚತಿದ್ದಳು. ಅವ್ವ ಸುಮ್ಮ ಇದ್ದಳು."

ಅವರು ನೀರಿನ ಲೋಟ ಇಡುತ್ತಿದ್ದರು. ಇಟ್ಟರು.

"ಗೊತ್ತುಂಟು ಮಗಾ," ಎಂದರು. ನನ್ನ ಕಡೆ ತಿರುಗಿ ಹೇಳಿದರು, "ನೀವು ಹೇಳಿದ್ರೂ ಅವರು ಕೇಳ್ತಿರ್ಲಿಲ್ಲ ಬಿಡಿ ಅಮ್ಮ. ಸಿಟ್ಟಿನಲ್ಲಿದ್ರು."

ಅಲ್ಲಿಂದ ಬೇರೆ ಟೇಬಲ್ಲಿಗೆ ಹೋದರು. ನಾವು ಇಡ್ಲಿ ತಿಂದು ಬಂದೆವು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಅವರು ಹೇಳಿದ್ದು ನಿಜವಲ್ಲ. ಕಾಕಾ ಸಿಟ್ಟಿನ ಮನುಷ್ಯ, ಆದರೆ ನಿಮ್ಮ ಅಜ್ಜ ಹೋದ ಮೇಲೆ ಪ್ರತಿಯೊಂದಕ್ಕೂ ನನ್ನ ಎದುರು ಬಂದು ಕೂತು, "ವೈನಿ, ನೀವ ಹೇಳ್ರಿ" ಎಂದು ಕಾಯುತ್ತಿದ್ದರು. ನಾನು ಬಾಯಿ ಬಿಟ್ಟು ಹೇಳಿದ ಒಂದು ಮಾತನ್ನೂ ಅವರು ಮೀರಿದ್ದು ನೆನಪಿಲ್ಲ. ಆ ಬೆಳಿಗ್ಗೆ ಫೋನ್ ಹಚ್ಚುವ ಮೊದಲೂ ಒಮ್ಮೆ ನನ್ನ ಕಡೆ ನೋಡಿದ್ದರು.

ನಾನು ಹೇಳಿದ್ದರೆ ಕಾಕಾ ಕೇಳುತ್ತಿದ್ದರು. ಅದನ್ನು ಆ ಹೋಟೆಲಿನಲ್ಲಿ ಅವರಿಗೆ ಹೇಳಲಿಲ್ಲ.